ರೀಜೆನ್ಸಿ ಗೌನು: ಬೆನ್ನು ಸರಿಯಾದರೆ ಮುಕ್ಕಾಲು ಕೆಲಸ ಆಯಿತು

1810ರಿಂದ 1815ರೊಳಗಿನ, ಅಂದರೆ ರೀಜೆನ್ಸಿ ಕಾಲದ ಇಂಗ್ಲೆಂಡಿನ ಸಂಜೆಯ ಗೌನು ಹೊಲಿಯುವಾಗ ನಾನು ಮೊದಲು ಕತ್ತರಿಸುವುದು ಬೆನ್ನಿನ ತುಂಡುಗಳನ್ನು. ಎದೆಯ ಕೆಳಗೇ ಸೊಂಟದ ಹೊಲಿಗೆ ಬಂದರೆ ಸಾಕು ಎಂದುಕೊಂಡು ಸುತ್ತಲೂ ಸಮನಾಗಿ ನೆರಿಗೆ ಹಂಚಿದರೆ ಆಗುವುದು ನೈಟಿ. ಆ ಕಾಲದ ಗೌನಿನ ಮುಂಭಾಗ ನೇರವಾಗಿ ಇಳಿಯುತ್ತದೆ. ನೆರಿಗೆಯೆಲ್ಲ ಬೆನ್ನಿನ ನಡುವೆ ಒತ್ತಾಗಿ ಕೂರುತ್ತದೆ.

ಅಳತೆ ತೆಗೆಯುವ ಮೊದಲು ಒಳಉಡುಪು ತೊಟ್ಟಿರಲೇಬೇಕು. ಒಳಗೆ ಶಿಫ್ಟ್ ಎಂಬ ಸಡಿಲ ಅಂಗಿ, ಅದರ ಮೇಲೆ ಸ್ಟೇಸ್ ಎಂಬ ಬಿಗಿ ಒಳಕಟ್ಟು. ಸ್ಟೇಸಿನ ನಡುವಿನ ಮರದ ಪಟ್ಟಿ ಎದೆಯನ್ನು ಬಿಡಿಸಿ ಎತ್ತಿ ನಿಲ್ಲಿಸುತ್ತದೆ. ಬ್ರಾ ಮೇಲೆ ಅಳತೆ ತೆಗೆದರೆ ಸೊಂಟದ ಗೆರೆ ಕೆಳಗಿಳಿದು, ಇಡೀ ಗೌನು ಜೋತುಬಿದ್ದಂತೆ ಕಾಣುತ್ತದೆ.

ಬಟ್ಟೆ 44 ಇಂಚು ಪನ್ನದ ಬಿಳಿ ಮಲ್ (ತೆಳು ಹತ್ತಿ ಬಟ್ಟೆ), ನಾಲ್ಕೂವರೆ ಮೀಟರ್. ಗಂಜಿ ಹೋಗುವವರೆಗೆ ತೊಳೆದು ಒಣಗಿಸಿಯೇ ಕತ್ತರಿಸಿ. ರವಿಕೆಯ ಭಾಗಕ್ಕೆ ತೆಳು ಲಿನನ್ ಲೈನಿಂಗ್ ಬೇಕು. ಭಾರ ಹೊರುವುದು ಅದೇ.

36 ಇಂಚಿನ ಎದೆಗೆ ಎರಡು ತೋಳಿನ ಹೊಲಿಗೆಗಳ ನಡುವೆ ಬೆನ್ನಿನಲ್ಲಿ ಒಂಬತ್ತು ಇಂಚು ಮಾತ್ರ ಬಿಡುತ್ತೇನೆ. ನಮ್ಮ ಸೀರೆ ರವಿಕೆಗಿಂತ ಇದು ಬಹಳ ಕಿರಿದು. ಭುಜದ ಹೊಲಿಗೆಯೂ ಭುಜದ ಮೇಲಲ್ಲ, ಹಿಂದಕ್ಕೆ ಸರಿದಿರುತ್ತದೆ. ಕಂಕುಳ ಸುತ್ತು ಮೇಲಕ್ಕೆ, ಬಿಗಿಯಾಗಿರಬೇಕು. ಸಡಿಲ ಬಿಟ್ಟರೆ ಕೈ ಎತ್ತಿದಾಗ ಸೊಂಟದ ಗೆರೆಯೂ ಎದೆಯ ಮೇಲೇರುತ್ತದೆ. ಪಫ್ ತೋಳಿನ ನೆರಿಗೆಯನ್ನು ಮೇಲೆ ಮತ್ತು ಹಿಂದೆ ಮಾತ್ರ ಹಾಕಿ; ಕಂಕುಳಲ್ಲಿ ನೆರಿಗೆ ಬಂದರೆ ಉಜ್ಜುತ್ತದೆ.

ಲಂಗದ ಹಿಂದಿನ ಪನ್ನವನ್ನು ಪೂರ್ತಿ ಐದು ಇಂಚಿಗೆ ಕೂಡಿಸಬೇಕು. ಜೇನುಮೇಣ ಸವರಿದ ದಾರದಲ್ಲಿ ಕಾಲಿಂಚು ಅಂತರದ ಎರಡು ಸಾಲು ಕೈಹೊಲಿಗೆ ಹಾಕುತ್ತೇನೆ. ಎರಡೂ ಸಾಲಿನ ಸೂಜಿ ಒಂದೇ ನೇರಕ್ಕೆ ಇಳಿದಿರಬೇಕು. ಆಮೇಲೆ ದಾರ ಎಳೆದು, ಸೂಜಿಯ ತುದಿಯಿಂದ ಒಂದೊಂದೇ ನೆರಿಗೆ ನೀವಿ, ಪ್ರತಿ ನೆರಿಗೆಯನ್ನೂ ಸೊಂಟಪಟ್ಟಿಗೆ ಬಿಡಿಬಿಡಿಯಾಗಿ ಹೊಲಿಯುತ್ತೇನೆ. ಮಷೀನಿನಲ್ಲಿ ಇದೇ ನೆರಿಗೆ ಚಪ್ಪಟೆಯಾಗಿ ಸಾಯುತ್ತದೆ. ಮುಂಭಾಗದ ಪನ್ನಕ್ಕೆ ನೆರಿಗೆಯೇ ಬೇಡ. ಪಕ್ಕಕ್ಕೆ ತ್ರಿಕೋನದ ಬಟ್ಟೆ ತುಂಡು (ಕಳಿ) ಸೇರಿಸಿದರೆ ನಡೆಯಲು ಬೇಕಾದ ಅಗಲ ಸಿಗುತ್ತದೆ.

ಅಂಚಿನ ಅಲಂಕಾರಕ್ಕೆ ಬಿಳಿ ದಾರದ ಸರಪಳಿ ಹೊಲಿಗೆ ಚೆಂದ. ಯುರೋಪಿನವರು ಟ್ಯಾಂಬೂರ್ ಎಂದು ಕರೆದ ಈ ಕೊಕ್ಕೆ ಸೂಜಿಯ ಕೆಲಸ ಭಾರತದಿಂದಲೇ ಹೋದದ್ದು, ಹಾಗಾಗಿ ಆರಿ ವರ್ಕ್ ಬಲ್ಲವರು ಹೊಸದೇನೂ ಕಲಿಯಬೇಕಿಲ್ಲ. ಸ್ಯಾಟಿನ್ ಮೇಲೆ ನೆಟ್ ಹೊದಿಸುವುದಾದರೆ ಹತ್ತಿಯದ್ದೇ ಇರಲಿ. ನೈಲಾನ್ ನೆಟ್ ಸೆಟೆದು ನಿಲ್ಲುತ್ತದೆ.

ಹಗಲಿನ ಓಡಾಟಕ್ಕೂ ಇದೇ ಬೆನ್ನಿನ ಪ್ಯಾಟರ್ನ್ ಸಾಕು. ತೋಳನ್ನು ಮಣಿಕಟ್ಟು ದಾಟುವಷ್ಟು ಉದ್ದ ಮಾಡಿ, ಅಂಚನ್ನು ಕಾಲಿನ ಹರಡಿನ ಮಟ್ಟಕ್ಕೆ ಏರಿಸಿ, ಕೊರಳಿಗೆ ಶೆಮಿಸೆಟ್ (ಕೊರಳು ಮುಚ್ಚುವ ತೋಳಿಲ್ಲದ ತೆಳು ಒಳತುಂಡು) ತುಂಬಿಸಿದರಾಯಿತು. ಮೇಲೆ ತೊಡುವ ಉಣ್ಣೆಯ ಸ್ಪೆನ್ಸರ್ ಜಾಕೆಟ್ಟನ್ನು ಅರ್ಧ ಇಂಚು ಸಡಿಲ ಕತ್ತರಿಸಿ, ಅದರ ಕೆಳ ಅಂಚು ಗೌನಿನ ಸೊಂಟದ ಹೊಲಿಗೆಯನ್ನು ಮುಚ್ಚುವಂತೆ ನೋಡಿಕೊಳ್ಳಿ.