ಸುಣ್ಣದ ಗೆರೆಯಲ್ಲಿ ಕೂಡಿಬಂದ ಬಯಲು

ರಾಯಚೂರಿನ ಹಳೇ ಊರಿನ ಒಂದು ಬಯಲು. ಬೆಳಿಗ್ಗೆ-ಸಂಜೆ ಕಾಯಿಪಲ್ಲೆ ವ್ಯಾಪಾರ, ಹಗಲೆಲ್ಲ ಆಟೋ, ಸಿಕ್ಕ ಜಾಗದಲ್ಲಿ ಹುಡುಗರ ಕ್ರಿಕೆಟ್. ಮೊಹರಂಗೆ ಅಲಾಯಿ ಕುಣಿ (ಬೆಂಕಿ ಹಾಕಿ ಸುತ್ತ ಹೆಜ್ಜೆ ಹಾಕೋ ಗುಂಡಿ), ಚೌತಿಗೆ ಗಣಪತಿ ಪೆಂಡಾಲು. ಮೊದಲೊಮ್ಮೆ ಪಾರ್ಕ್ ಮಾಡ್ತೀವಿ ಅಂತ ಗ್ರಿಲ್ ಹಾಕಿದ್ದರು. ವಾರದೊಳಗೆ ಕಿತ್ತುಹೋಯಿತು. ಅದೊಂದಕ್ಕೇ ನಾಲ್ಕು ಲಕ್ಷದ ಹತ್ತಿರ ಖರ್ಚಾಗಿತ್ತು.

ಜಗಳವಿಲ್ಲದ ಹಾಗೆ ಎಲ್ಲರಿಗೂ ಜಾಗ ಹಂಚೋ ನಕಾಶೆಯ ಕೆಲಸ ಆಮೇಲೆ ನನಗೆ ಬಂತು. ನಾನು ಸುಣ್ಣ, ಹಗ್ಗ, ಟೇಪು ಕೇಳಿದೆ. ನಕಾಶೆಯನ್ನು ನೆಲದ ಮೇಲೇ, ಪೂರ್ತಿ ಅಳತೆಯಲ್ಲಿ ಬರೆಯೋಣ ಅಂದೆ. ರಂಗೋಲಿ ಹಾಕಿ ಜಗಳ ಬಿಡಿಸ್ತೀರಾ ಅಂತ ನಕ್ಕವರೇ ಜಾಸ್ತಿ.

ಅದಕ್ಕೂ ಮೊದಲು ಸಂಜೆ ಸಭೆಗಳು ನಡೆದಿದ್ದವು. ಬಂದವರು ಬರೀ ಮುಖಂಡರು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40 ಸ್ಥಾನ ವ್ಯಾಪಾರಿಗಳಿಗೆ, ಅದರಲ್ಲಿ ಮೂರನೇ ಒಂದು ಪಾಲು ಹೆಂಗಸರಿಗೆ ಕೊಟ್ಟಿದೆ. ಆದರೆ ವ್ಯಾಪಾರದ ಹೊತ್ತಲ್ಲೇ ಸಭೆ ಕರೆದರೆ ಬುಟ್ಟಿ ಬಿಟ್ಟು ಯಾರು ಬರ್ತಾರೆ, ಅಲ್ವಾ?

ಹಾಗಾಗಿ ನಸುಕಿನಲ್ಲೇ ಗೆರೆ ಎಳೆದೆವು. ಒಬ್ಬೊಬ್ಬ ವ್ಯಾಪಾರಿಗೆ ನಾಲ್ಕಡಿ ಚೌಕ. ಸೊಪ್ಪಿನ ಅಕ್ಕ ಒಬ್ಬರು ಬುಟ್ಟಿ ಇಟ್ಟು ನೋಡಿ, "ಬುಟ್ಟಿ ಹಿಡೀತೈತ್ರಿ ಸರ, ನಾ ಎಲ್ಲಿ ಕುಂದರ್ಲಿ?" ಅಂದರು. ಕಾಲಲ್ಲೇ ಗೆರೆ ಅಳಿಸಿ ಆರಡಿಗೆ ತಂದರು. ಆಟೋದವರು ಬಾಯಲ್ಲಿ ಏನೂ ಹೇಳಲಿಲ್ಲ, ಸುಮ್ನೆ ಓಡಿಸಿದರು. ಗಾಲಿ ಎಲ್ಲಿ ಸುಣ್ಣ ಒರೆಸಿತೋ ಅದೇ ತಿರುವು ಅಂತ ಹಿಡಿದು ಅಂಚುಕಲ್ಲು ಹಾಕಿಸಿದೆವು.

ಕುಣಿ ಮತ್ತು ಪೆಂಡಾಲಿನದು ಸೂಕ್ಷ್ಮ. ಒಂದೇ ಜಾಗ ಸಾಕು ಅನ್ನೋ ಹಾಗಿರಲಿಲ್ಲ. ಮೊಹರಂ ವರ್ಷಾ ವರ್ಷ ಹತ್ತು-ಹನ್ನೊಂದು ದಿನ ಹಿಂದೆ ಸರಿಯುತ್ತದೆ, 2018ರಿಂದ 2020ರವರೆಗೆ ಚೌತಿಗೆ ಅಂಟಿಕೊಂಡೇ ಬಂದಿತ್ತು. ಅದಕ್ಕೇ ಎರಡಕ್ಕೂ ಬೇರೆ ಮೂಲೆ. ಎರಡೂ ಕಡೆ ಹಿರಿಯರಿಂದ ಒಂದೇ ಟೇಪಿನ ಎರಡು ತುದಿ ಹಿಡಿಸಿದ್ದು ಹೇಗೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಅದು ನನ್ನ ಕಸುಬು.

ನಡುವೆ ಕೂರೋ ಕಟ್ಟೆಯ ಪರೀಕ್ಷೆಯನ್ನೂ ಮಾಡಿದೆ. ಮೇ ತಿಂಗಳಲ್ಲಿ ಇಲ್ಲಿ ಬಿಸಿಲು ನಲವತ್ತು ದಾಟುತ್ತದೆ. ಬಯಲಲ್ಲಿಟ್ಟ ಶಹಾಬಾದ್ ಕಲ್ಲು ರಾತ್ರಿ ಎಂಟಕ್ಕೂ ಬಿಸಿ. ಬೇವಿನ ಕೆಳಗಿಟ್ಟಿದ್ದು ಮಧ್ಯಾಹ್ನವೇ ಭರ್ತಿ. ಕಟ್ಟೆಗಳೆಲ್ಲ ಮರದಡಿಗೆ ಹೋದವು.

ಗೆರೆ, ಕೂಲಿ, ಚಹಾ ಸೇರಿ ನಲವತ್ತು ಸಾವಿರದೊಳಗೆ ಮುಗಿಯಿತು. ಮಳೆಗಾಲದಲ್ಲಿ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ. ಮೊದಲ ವಾರ ಅಲ್ಲೇ ಇರಿ, ಯಾರು ಯಾವ ಗೆರೆ ಅಳಿಸಿದರು ಅಂತ ಬರೆದಿಟ್ಟುಕೊಳ್ಳಿ. ಕಟ್ಟಿದ ಮೇಲೆ ಎರಡು ಚೌತಿ, ಎರಡು ಮೊಹರಂ ಕಳೆದಿವೆ, ಒಂದು ಕಲ್ಲೂ ಕಿತ್ತಿಲ್ಲ. ಕ್ರಿಕೆಟ್ ಹುಡುಗರಿಗೆ ಮಾತ್ರ ಜಾಗ ಕಡಿಮೆಯಾಯಿತು. ಪಕ್ಕದ ಶಾಲೆ ಮೈದಾನವನ್ನು ಸಂಜೆ ಹೊತ್ತು ತೆರೆಸೋಕೆ ಓಡಾಡುತ್ತಿದ್ದೇನೆ.