ಅಟ್ಟದ ವಾಲ್ವ್ ರೇಡಿಯೊದಲ್ಲಿ 40 ಮೀಟರ್ ಹ್ಯಾಮ್ ಬ್ಯಾಂಡ್: ನನ್ನ ಅನುಭವ

ಕಾಸರಗೋಡಿನ ಕಡೆ ಹಳೆ ಮನೆಗಳ ಅಟ್ಟದಲ್ಲಿ ಈಗಲೂ ವಾಲ್ವ್ ರೇಡಿಯೊ, ಅಂದರೆ ಟ್ರಾನ್ಸಿಸ್ಟರಿನ ಬದಲು ಗಾಜಿನ ಕೊಳವೆಗಳಿರುವ ಸೆಟ್ಟು, ಸಿಗುತ್ತದೆ. ಅದನ್ನು ಸರಿಮಾಡಿ ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೊದವರು, 40 ಮೀಟರ್ (7 ಮೆಗಾಹರ್ಟ್ಸ್) ಬ್ಯಾಂಡಿನಲ್ಲಿ ಆಡುವ ಮಾತು ಕೇಳುವ ಬಗೆ ಇದು. ಸಿಕ್ಕ ಕೂಡಲೇ ಪ್ಲಗ್ಗಿಗೆ ಹಾಕಿ ನೋಡಬೇಡಿ. ನಮ್ಮ ಕರಾವಳಿಯಲ್ಲಿ ಈ ಸೆಟ್ಟುಗಳನ್ನು ಒಳಗಿಂದೊಳಗೇ ತಿಂದುಹಾಕುವುದು ತೇವ. ಆ ತೇವದ ಮೇಲೆ 250 ವೋಲ್ಟ್ ಹರಿಸಿದರೆ ಉಳಿದಿದ್ದ ಟ್ರಾನ್ಸ್‌ಫಾರ್ಮರೂ ಹೋಗುತ್ತದೆ.

ಇಲ್ಲಿ ಹೇಳುತ್ತಿರುವುದು ಇಸಿಎಚ್ 81, ಇಎಫ್ 89, ಇಬಿಸಿ 81, ಇಎಲ್ 84, ಇಝಡ್ 80 ಇರುವ ಐದು ವಾಲ್ವಿನ ಸೆಟ್ಟಿನ ಬಗ್ಗೆ. ವಾಲ್ವಿನ ಹೆಸರು 'ಯು' ಅಕ್ಷರದಿಂದ ಶುರುವಾದರೆ, ಅಂದರೆ ಯುಸಿಎಚ್ 81, ಯುಎಲ್ 84 ಎಂದಿದ್ದರೆ, ಅಲ್ಲಿಗೇ ನಿಲ್ಲಿ. ಅಂಥ ಸೆಟ್ಟಿನ ಚಾಸಿಗೆ, ಅಂದರೆ ಭಾಗಗಳನ್ನೆಲ್ಲ ಕೂರಿಸಿದ ಲೋಹದ ತಟ್ಟೆಗೆ, ನೇರ ಮೇನ್ಸ್ (ಮನೆಯ ಕರೆಂಟ್) ಇರುತ್ತದೆ. ಮೇನ್ಸಿನಿಂದ ಬೇರ್ಪಡಿಸುವ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಅದನ್ನು ಮುಟ್ಟಲೇಬಾರದು.

ಮೊದಲ ಕೆಲಸ ಒಣಗಿಸುವುದು. ಬ್ರಶ್ಶಿನಿಂದ ಧೂಳು, ಹಲ್ಲಿಮೊಟ್ಟೆ, ಇಲಿ ಕಡಿದ ಚೂರು ತೆಗೆದು ಚಾಸಿಯನ್ನು ಮಗುಚಿ, ರಟ್ಟಿನ ಪೆಟ್ಟಿಗೆಯೊಳಗೆ 40 ವ್ಯಾಟಿನ ಹಳೆ ಫಿಲಮೆಂಟ್ ಬಲ್ಬಿನ ಜೊತೆ ಎರಡು ದಿನ ಇಡುತ್ತೇನೆ. ಬಲ್ಬು ರಟ್ಟಿಗೆ ತಾಗದಿರಲಿ, ಮೇಲೆ ಗಾಳಿಗೆ ತೂತಿರಲಿ. ಕೈ ಇಟ್ಟರೆ ಹಿತವಾಗಿ ಬೆಚ್ಚಗಿದ್ದರೆ ಸಾಕು. ಬಿಸಿ ಹೆಚ್ಚಾದರೆ ಕಾಯಿಲ್ ಮೇಲಿನ ಮೇಣ ಕರಗಿ ಇಳಿಯುತ್ತದೆ.

ಒಣಗಿದ ಮೇಲೆ ಮಲ್ಟಿಮೀಟರಿನಲ್ಲಿ ಓಮ್ ಅಳೆಯುವುದು. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿ (ವಾಲ್ವಿನ ಕಡೆಯ ಸುತ್ತು) ಕೆಲವು ನೂರು ಓಮ್ ತೋರಿಸಬೇಕು, ಐಎಫ್ (ಸ್ಟೇಷನ್ನಿನ ಸಿಗ್ನಲನ್ನು ರೇಡಿಯೊ ಒಳಗೆ ಬದಲಿಸಿಕೊಳ್ಳುವ ನಡುವಿನ ಫ್ರೀಕ್ವೆನ್ಸಿ) ಕಾಯಿಲ್‌ಗಳು ಹೆಚ್ಚೆಂದರೆ ಹತ್ತಿಪ್ಪತ್ತು ಓಮ್. ಏನೂ ತೋರಿಸದಿದ್ದರೆ ತಂತಿ ತುಂಡಾಗಿದೆ. ಕಾರಣ ಇದೇ ತೇವ. ಕೂದಲಿನಷ್ಟು ತೆಳುವಾದ ತಾಮ್ರಕ್ಕೆ ಪಾಸಿಟಿವ್ ವೋಲ್ಟೇಜೂ ತೇವವೂ ಒಟ್ಟಿಗೆ ಸಿಕ್ಕಿದಲ್ಲಿ ಹಸಿರು ಕಿಲುಬು ಹಿಡಿದು ಕಡಿಯುತ್ತದೆ. ಐಎಫ್ ಕ್ಯಾನಿನೊಳಗೆ ಹೆಚ್ಚಾಗಿ ಪಿನ್ನಿಗೆ ಬೆಸೆದ ಜಾಗದಲ್ಲೇ ಕಡಿದಿರುತ್ತದೆ. ಲೆನ್ಸ್ ಹಿಡಿದು ನೋಡಿದರೆ ಹಸಿರು ಚುಕ್ಕೆ ಕಾಣುತ್ತದೆ. ಅದನ್ನು ಕೆರೆದು ಮತ್ತೆ ಬೆಸೆದರೆ ಕಾಯಿಲ್ ಉಳಿಯುತ್ತದೆ.

ಮೇಣದ ಕಾಗದದ ಕೆಪಾಸಿಟರ್‌ಗಳನ್ನು ಪರೀಕ್ಷೆ ಮಾಡುತ್ತ ಕೂರುವುದಿಲ್ಲ, ಎಲ್ಲವನ್ನೂ ಬದಲಿಸುತ್ತೇನೆ. ಬೆಲೆ 630 ವೋಲ್ಟಿನ ಪಾಲಿಯೆಸ್ಟರ್ ಕೆಪಾಸಿಟರಿಗಿಂತ ಸ್ಪೀಕರ್ ಓಡಿಸುವ ಇಎಲ್ 84 ವಾಲ್ವಿಗೇ ಹೆಚ್ಚು. ಅದರ ಗ್ರಿಡ್ಡಿಗೆ, ಅಂದರೆ ಸಿಗ್ನಲ್ ಒಳಬರುವ 2ನೇ ಪಿನ್ನಿಗೆ, ಬರುವ 0.01 ಅಥವಾ 0.022 ಮೈಕ್ರೊಫ್ಯಾರಡಿನ ಕೆಪಾಸಿಟರ್ ಎಲ್ಲಕ್ಕಿಂತ ಮುಖ್ಯ. ಅದು ಸ್ವಲ್ಪ ಸೋರಿದರೂ ಗ್ರಿಡ್ಡಿಗೆ ಪಾಸಿಟಿವ್ ವೋಲ್ಟೇಜ್ ಬಂದು ವಾಲ್ವ್ ಮಿತಿಮೀರಿ ಕರೆಂಟ್ ಎಳೆಯುತ್ತದೆ, ಅದರ ಹಿಂದೆಯೇ ಔಟ್‌ಪುಟ್ ಟ್ರಾನ್ಸ್‌ಫಾರ್ಮರೂ ಸುಡುತ್ತದೆ. ಸೆರಾಮಿಕ್, ಮೈಕಾ ಕೆಪಾಸಿಟರ್‌ಗಳನ್ನು ಮುಟ್ಟಬೇಡಿ. ಕಾರ್ಬನ್ ರೆಸಿಸ್ಟರ್‌ಗಳ ಓಮ್ ಮೌಲ್ಯ ತೇವಕ್ಕೆ ಏರಿರುತ್ತದೆ. 20 ಶೇಕಡಕ್ಕಿಂತ ಹೆಚ್ಚು ತಪ್ಪಿದ್ದನ್ನು ಬದಲಿಸಿ.

ಫಿಲ್ಟರ್ ಕೆಪಾಸಿಟರಿಗೆ 47 ಮೈಕ್ರೊಫ್ಯಾರಡ್, 450 ವೋಲ್ಟಿನದು ಸರಿ. ಹಮ್ (ಗುಂಯ್ ಸದ್ದು) ಕಡಿಮೆಯಾಗಲಿ ಎಂದು 100 ಹಾಕುವವರಿದ್ದಾರೆ. ಆದರೆ ಎಸಿಯನ್ನು ಡಿಸಿ ಮಾಡುವ ಇಝಡ್ 80ರ ಕ್ಯಾಥೋಡಿಗೆ ಬರುವ ಮೊದಲ ಕೆಪಾಸಿಟರ್ 50ಕ್ಕಿಂತ ಹೆಚ್ಚಿರಬಾರದು, ಚಾರ್ಜಿಂಗ್ ಕರೆಂಟಿಗೇ ವಾಲ್ವ್ ಹಾಳಾಗುತ್ತದೆ. ಹಳೆ ಕೆಪಾಸಿಟರನ್ನು ಬಿಚ್ಚಿಯೇ ಹೊಸತನ್ನು ಹಾಕಬೇಕು, ಮೇಲಿಂದ ಜೋಡಿಸಿದರೆ ಹಳೆಯದರ ಸೋರಿಕೆ ಹಾಗೇ ಉಳಿಯುತ್ತದೆ.

ಈಗ ಕರೆಂಟ್. ವೋಲ್ಟೇಜ್ ಟ್ಯಾಪನ್ನು 240ಕ್ಕೆ ಇಟ್ಟು, ವಾಲ್ವೆಲ್ಲ ಕಿತ್ತು, ಮೇನ್ಸಿಗೆ ಸೀರೀಸಿನಲ್ಲಿ 60 ವ್ಯಾಟಿನ ಫಿಲಮೆಂಟ್ ಬಲ್ಬು ಹಾಕಿ ಸ್ವಿಚ್ ಒತ್ತುತ್ತೇನೆ. ಬಲ್ಬು ಉರಿಯದಿದ್ದರೆ ಅಥವಾ ತೀರ ಮಂದವಾಗಿದ್ದರೆ ಮೇನ್ಸ್ ಟ್ರಾನ್ಸ್‌ಫಾರ್ಮರ್ ಶಾರ್ಟ್ ಆಗಿಲ್ಲ. ಪ್ರಖರವಾಗಿ ಉರಿದರೆ ಒಳಗೆ ಶಾರ್ಟ್. ಮತ್ತೆ ವಾಲ್ವ್ ಹಾಕಿ 100 ವ್ಯಾಟಿನ ಬಲ್ಬಿನಲ್ಲಿ ನೋಡಿ, ಎಲ್ಲ ಸರಿ ಕಂಡರೆ ನೇರ ಮೇನ್ಸ್. ಇಎಲ್ 84ರ 3ನೇ ಪಿನ್ನಿನ ವೋಲ್ಟೇಜನ್ನು ಅಲ್ಲಿನ ಕ್ಯಾಥೋಡ್ ರೆಸಿಸ್ಟರಿನಿಂದ ಭಾಗಿಸಿದರೆ ವಾಲ್ವ್ ಎಳೆಯುವ ಕರೆಂಟ್ ತಿಳಿಯುತ್ತದೆ. 150 ಓಮಿಗೆ 7 ವೋಲ್ಟ್ ಬಂದರೆ ಸುಮಾರು 47 ಮಿಲಿಆಂಪಿಯರ್, ಒಳ್ಳೆಯದೇ. 65 ದಾಟುವಂತಿಲ್ಲ. ಆಫ್ ಮಾಡಿದ ಮೇಲೂ ಫಿಲ್ಟರ್ ಕೆಪಾಸಿಟರ್ ಶಾಕ್ ಹೊಡೆಯುತ್ತದೆ. 10 ಕಿಲೊಓಮ್, 5 ವ್ಯಾಟಿನ ರೆಸಿಸ್ಟರಿನಿಂದ ಅದನ್ನು ಖಾಲಿ ಮಾಡಿಯೇ ಕೈ ಹಾಕಿ.

ಐಎಫ್ ಟ್ಯೂನ್ ಮಾಡಲು ಕಬ್ಬಿಣದ ಸ್ಕ್ರೂಡ್ರೈವರ್ ಆಗದು. ಬಿದಿರಿನ ಕಡ್ಡಿಯ ತುದಿಯನ್ನು ಚಪ್ಪಟೆಯಾಗಿ ಕೆತ್ತಿಕೊಂಡರೆ ಆಯಿತು. ಡಯಲ್ ತಾಳೆ ನೋಡಲು ಮಂಗಳೂರು ಆಕಾಶವಾಣಿಯ 1089 ಕಿಲೊಹರ್ಟ್ಸ್ ನಮಗೆ ಅನುಕೂಲದ ಗುರುತು.

ಇಷ್ಟಾದರೂ 7 ಮೆಗಾಹರ್ಟ್ಸಿನಲ್ಲಿ ಹ್ಯಾಮ್‌ಗಳ ಮಾತು ಬಾತುಕೋಳಿ ಕೂಗಿದ ಹಾಗೆ ಕೇಳುತ್ತದೆ. ಅವರು ಬಳಸುವುದು ಎಸ್‌ಎಸ್‌ಬಿ, ಈ ಬ್ಯಾಂಡಿನಲ್ಲಿ ಲೋವರ್ ಸೈಡ್‌ಬ್ಯಾಂಡ್. ಅದರಲ್ಲಿ ಮಾತನ್ನು ಹೊರುವ ಮೂಲ ಅಲೆಯನ್ನು (ಕ್ಯಾರಿಯರ್) ತೆಗೆದು ಒಂದೇ ಬದಿಯ ಸಿಗ್ನಲ್ ಕಳಿಸುತ್ತಾರೆ. ಆ ಕಳೆದುಹೋದ ಕ್ಯಾರಿಯರನ್ನು ನಾವೇ ಕೊಡಬೇಕು, ಅದಕ್ಕೆ ಬೇಕಾದ ಚಿಕ್ಕ ಆಸಿಲೇಟರೇ ಬಿಎಫ್‌ಒ. ಗುಜರಿ ಟ್ರಾನ್ಸಿಸ್ಟರ್ ರೇಡಿಯೊದ 455 ಕಿಲೊಹರ್ಟ್ಸ್ ಐಎಫ್ ಕಾಯಿಲ್ ತೆಗೆದುಕೊಳ್ಳಿ. ಮೂರು ಪಿನ್ನಿನ ಬದಿಯಲ್ಲಿ ಒಂದು ತುದಿ ಗ್ರೌಂಡಿಗೆ, ಇನ್ನೊಂದು ತುದಿ 100 ಪಿಕೊಫ್ಯಾರಡ್ ಮೂಲಕ ಬಿಸಿ 547 ಟ್ರಾನ್ಸಿಸ್ಟರಿನ ಬೇಸಿಗೆ. ನಡುಪಿನ್ನಿನಿಂದ ಎಮಿಟರಿಗೆ 1 ಕಿಲೊಓಮ್, ಅದಕ್ಕೆ ಅಡ್ಡವಾಗಿ 0.01 ಮೈಕ್ರೊಫ್ಯಾರಡ್. ಕಲೆಕ್ಟರ್ 9 ವೋಲ್ಟ್ ಬ್ಯಾಟರಿಯ ಪಾಸಿಟಿವಿಗೆ (ನೆಗೆಟಿವ್ ಗ್ರೌಂಡಿಗೆ), ಅಲ್ಲಿಂದ ಗ್ರೌಂಡಿಗೆ 0.1 ಮೈಕ್ರೊಫ್ಯಾರಡ್, ಬೇಸಿನಿಂದ ಬ್ಯಾಟರಿಯ ಪಾಸಿಟಿವಿಗೆ 220 ಕಿಲೊಓಮ್. ಆಸಿಲೇಟ್ ಆಗದಿದ್ದರೆ ಕಾಯಿಲಿನ ಎರಡು ತುದಿಗಳನ್ನು ಅದಲುಬದಲು ಮಾಡಿ. ಬೇಸಿನ ಬದಿಯ ಕಾಯಿಲ್ ತುದಿಯಿಂದ ಇನ್ಸುಲೇಶನ್ ಇರುವ ತಂತಿ ತಂದು, ಕೊನೆಯ ಐಎಫ್‌ನಿಂದ ಇಬಿಸಿ 81ರ ಡಯೋಡಿಗೆ ಹೋಗುವ ತಂತಿಗೆ ಎರಡು ಸುತ್ತು ಸುತ್ತಿ, ಬೆಸೆಯಬೇಡಿ.

ಬಿಎಫ್‌ಒ ಹಾಕಿದ ಕೂಡಲೇ ಸೆಟ್ಟು ಮಂಕಾದರೆ ಎಜಿಸಿ (ಸಿಗ್ನಲಿನ ಬಲ ನೋಡಿ ಗೇನ್ ತಾನೇ ಹೊಂದಿಸುವ ಏರ್ಪಾಡು) ಅದನ್ನೇ ದೊಡ್ಡ ಸ್ಟೇಷನ್ ಎಂದು ತಿಳಿದು ಗೇನ್ ಇಳಿಸಿದೆ ಎಂದರ್ಥ. ಎಜಿಸಿ ಲೈನನ್ನು ಚಾಸಿಗೆ ಜೋಡಿಸುವ ಒಂದು ಸ್ವಿಚ್ ಹಾಕಿ. ಹತ್ತಿರದ ಸ್ಟೇಷನ್ನಿನ ಸ್ವರ ಒಡೆದು ಗೊಗ್ಗರಾದರೆ ಆಂಟೆನಾ ದಾರಿಯಲ್ಲಿ 1 ಕಿಲೊಓಮ್ ಪಾಟ್ (ತಿರುಗಿಸಿ ಬದಲಿಸುವ ರೆಸಿಸ್ಟರ್) ಇಟ್ಟು ಸಿಗ್ನಲ್ ತಗ್ಗಿಸಿ. ಮನೆಬಳಕೆಯ ಡಯಲಿನಲ್ಲಿ ಇಡೀ ಹ್ಯಾಮ್ ಬ್ಯಾಂಡು, ಭಾರತದಲ್ಲಿ 7.000ರಿಂದ 7.200 ಮೆಗಾಹರ್ಟ್ಸ್, ಕೂದಲೆಳೆಯಷ್ಟೇ ಅಗಲ. ಸ್ಟೇಷನ್ ಹುಡುಕಲು ತಿರುಗಿಸುವ ಗ್ಯಾಂಗ್ ಕೆಪಾಸಿಟರಿನ ಆಸಿಲೇಟರ್ ಭಾಗಕ್ಕೆ ಸಮಾಂತರವಾಗಿ 10 ಪಿಕೊಫ್ಯಾರಡಿನ ಚಿಕ್ಕ ವೇರಿಯಬಲ್ ಕೆಪಾಸಿಟರ್ ಹಾಕಿದರೆ ಸ್ವರ ಕೂರಿಸುವುದು ಕೈಗೆ ಬರುತ್ತದೆ. ಅರ್ಧ ಗಂಟೆ ಬಿಸಿಯಾಗುವವರೆಗೆ ಟ್ಯೂನಿಂಗ್ ಜಾರುತ್ತಲೇ ಇರುತ್ತದೆ, ಅದು ಸಹಜ.

ಆಂಟೆನಾಕ್ಕೆ ಡೈಪೋಲ್, ಅಂದರೆ ನಡುವೆ ಕೇಬಲ್ ಜೋಡಿಸಿದ ಎರಡು ಸಮ ಉದ್ದದ ತಂತಿ. 142.5ನ್ನು 7.1 ಮೆಗಾಹರ್ಟ್ಸಿನಿಂದ ಭಾಗಿಸಿದರೆ ಒಟ್ಟು 20 ಮೀಟರ್, ಬದಿಗೆ 10. ಮನೆ ವೈರಿಂಗಿನ ಪ್ಲಾಸ್ಟಿಕ್ ಹೊದಿಕೆಯ ತಂತಿಯಾದರೆ 9.7 ಸಾಕು. ಬರೇ ಕೇಳುವುದಕ್ಕೆ ಟಿವಿಯ 75 ಓಮ್ ಕೇಬಲ್ ಚೆನ್ನಾಗಿ ಹೊಂದುತ್ತದೆ. (ಪ್ರಸಾರ ಮಾಡಬೇಕಿದ್ದರೆ ಪರೀಕ್ಷೆ ಬರೆದು ಲೈಸೆನ್ಸ್ ಪಡೆಯಲೇಬೇಕು.) ತೆಂಗಿನ ಮರಕ್ಕೆ ಬಿಗಿದು ಕಟ್ಟಿದರೆ ಮೊದಲ ಗಾಳಿಗೇ ಕಡಿಯುತ್ತದೆ. ಒಂದು ತುದಿಯ ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ ಕಲ್ಲು ತೂಗಬಿಡಿ, ಮರ ತೂಗಿದಾಗ ಕಲ್ಲು ಏರಿಳಿಯುತ್ತದೆ. ಮೀನುಗಾರರ ನೈಲಾನ್ ಹಗ್ಗ ಉಪ್ಪುಗಾಳಿಗೆ ತಡೆಯುತ್ತದೆ.

ಅರ್ತಿಂಗ್ ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ) ನೆಲದಲ್ಲಿ ಕಷ್ಟ. ಬಚ್ಚಲ ನೀರು ಹೋಗುವ ತೆಂಗಿನ ಬುಡದಂಥ ಸದಾ ಒದ್ದೆ ಜಾಗ ಹುಡುಕಿ. ಹಾಗೆಂದು ಸಿಡಿಲಿಗೆ ಅದನ್ನು ನಂಬಬೇಡಿ. ಏಪ್ರಿಲ್‌-ಮೇಯಲ್ಲೂ ತುಲಾ ತಿಂಗಳಲ್ಲೂ (ಅಕ್ಟೋಬರ್-ನವೆಂಬರ್) ಮಧ್ಯಾಹ್ನ ದಾಟುವ ಮೊದಲೇ ಕೇಬಲನ್ನು ಸೆಟ್ಟಿನಿಂದ ಕಳಚಿ ಕಿಟಕಿಯ ಹೊರಗೆ ಹಾಕಿ, ಮೇನ್ಸ್ ಪ್ಲಗ್ಗನ್ನೂ ಎಳೆದಿಡಿ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಗುಡುಗಿಲ್ಲದ ದಿನ ಅರ್ಧ ಗಂಟೆಯಾದರೂ ಸೆಟ್ಟು ಓಡಲಿ, ವಾಲ್ವುಗಳ ಬಿಸಿಗೇ ಒಳಗಿನ ತೇವ ಆರುತ್ತದೆ.