ಲೆಕ್ಕದ ಮೇಜಿಗೆ ಎರಡು ಮಾನಿಟರ್ ಜೋಡಿಸಿದ್ದು: ನನ್ನ ಅನುಭವ

ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ಲು ಮತ್ತು ಅಕ್ಕಿ ಗಿರಣಿಗಳ ಜಿಎಸ್‌ಟಿ ಲೆಕ್ಕ ಬರೆಯುವುದು ನನ್ನ ಕಸುಬು. ತಿಂಗಳ 14ಕ್ಕೆ ಜಿಎಸ್‌ಟಿಆರ್-2ಬಿ, ಅಂದರೆ ಮಾರಿದವರು ಸಲ್ಲಿಸಿದ ಬಿಲ್ಲುಗಳಿಂದ ಜಿಎಸ್‌ಟಿ ಪೋರ್ಟಲ್ ತಾನೇ ತಯಾರಿಸುವ ನಮ್ಮ ಖರೀದಿಯ ಪಟ್ಟಿ, ಸಿದ್ಧವಾಗುತ್ತದೆ; 20ರೊಳಗೆ ತಿಂಗಳ ತೆರಿಗೆ ರಿಟರ್ನ್ ಆದ 3ಬಿ ಸಲ್ಲಿಸಬೇಕು. ಆ ಆರು ದಿನ ಪೋರ್ಟಲ್ಲಿನ ಪಟ್ಟಿ, ಲೆಕ್ಕ ಬರೆಯುವ ತಂತ್ರಾಂಶ ಟ್ಯಾಲಿಯ ಖರೀದಿ ಪುಸ್ತಕ, ಮಿಲ್ಲಿನವರು ವಾಟ್ಸ್ಆಪ್‌ನಲ್ಲಿ ಕಳಿಸಿದ ಬಿಲ್ಲಿನ ಫೋಟೊ ಈ ಮೂರನ್ನೂ ಒಂದೇ ಪುಟ್ಟ ಪರದೆಯಲ್ಲಿ ಅದಲುಬದಲು ಮಾಡುತ್ತ ಒಮ್ಮೆ ಒಂದೇ ಬಿಲ್ಲನ್ನು ಎರಡು ಸಲ ಏರಿಸಿಬಿಟ್ಟ ಮೇಲೆ, 24 ಇಂಚಿನ ಎರಡು ಫುಲ್ ಎಚ್‌ಡಿ ಮಾನಿಟರ್ ಕೊಂಡೆ.

ಲ್ಯಾಪ್‌ಟಾಪಿಗೆ ಇದ್ದದ್ದು, ಮಾನಿಟರಿಗೆ ಚಿತ್ರ ಕಳಿಸುವ ಒಂದೇ ಎಚ್‌ಡಿಎಂಐ ಪೋರ್ಟ್. ಅಂಗಡಿಯವರ ಮಾತು ನಂಬಿ ಸ್ಪ್ಲಿಟರ್ ತಂದು ಹಾಕಿದರೆ ಎರಡರಲ್ಲೂ ಒಂದೇ ಚಿತ್ರ ಮೂಡಿತು. ಸ್ಪ್ಲಿಟರ್ ಒಂದು ಸಿಗ್ನಲ್ಲಿನ ನಕಲು ತೆಗೆಯುತ್ತದೆಯೇ ಹೊರತು ಎರಡನೆಯ ಸಿಗ್ನಲ್ ಹುಟ್ಟಿಸುವುದಿಲ್ಲ. ಲ್ಯಾಪ್‌ಟಾಪಿನ ಪಾಲಿಗೆ ಹೊರಗಿರುವುದು ಒಂದೇ ಮಾನಿಟರ್. ಇದು ಹೊಳೆಯುವ ಮೊದಲು ಸೆಟ್ಟಿಂಗ್ಸ್ ಕೆದಕುತ್ತ ಒಂದು ಸಂಜೆ ಕಳೆದಿದ್ದೆ.

ಯುಎಸ್‌ಬಿ ಟೈಪ್-ಸಿ ಪೋರ್ಟಿಗೆ ಎಚ್‌ಡಿಎಂಐ ಅಡಾಪ್ಟರ್ ಸಿಕ್ಕಿಸಿದರೂ ಪರದೆ ಕಪ್ಪಾಗಿಯೇ ಉಳಿಯಿತು. ಟೈಪ್-ಸಿ ಎಂಬುದು ತೂತಿನ ಆಕಾರದ ಹೆಸರು ಮಾತ್ರ. ಅದರೊಳಗೆ ಡೇಟಾ ಜೊತೆಗೆ ಚಿತ್ರವನ್ನೂ ಸಾಗಿಸುವ ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ ಅಥವಾ ಥಂಡರ್‌ಬೋಲ್ಟ್ ಎಂಬ ವ್ಯವಸ್ಥೆ ಇದ್ದರೆ ಮಾತ್ರ ಇಂಥ ಅಡಾಪ್ಟರಿನಲ್ಲಿ ಚಿತ್ರ ಹೊರಬರುತ್ತದೆ. ಪೋರ್ಟಿನ ಪಕ್ಕದ ಗುರುತನ್ನು ನೋಡಬಹುದು, ಆದರೆ ಮಾಡೆಲ್ ಸಂಖ್ಯೆ ಹಿಡಿದು ಕಂಪನಿಯ ವಿವರಪಟ್ಟಿ ಓದುವುದೇ ಖಚಿತವಾದ ದಾರಿ. ನನ್ನದು ಬರೀ ಡೇಟಾ ಸಾಗಿಸುವ ಪೋರ್ಟ್ ಎಂದು ಅಲ್ಲಿ ಸ್ಪಷ್ಟವಾಗಿಯೇ ಬರೆದಿತ್ತು.

ಕೊನೆಗೆ ಕೆಲಸಕ್ಕೆ ಬಂದದ್ದು ಸಾಮಾನ್ಯ ಯುಎಸ್‌ಬಿಗೂ ಹೊಂದುವ ಡಿಸ್‌ಪ್ಲೇಲಿಂಕ್ ಅಡಾಪ್ಟರ್. ಲ್ಯಾಪ್‌ಟಾಪಿನಲ್ಲಿ ಹಾಕಿಕೊಳ್ಳುವ ಇದರ ತಂತ್ರಾಂಶ, ಅಂದರೆ ಡ್ರೈವರ್, ಪರದೆಯ ಚಿತ್ರವನ್ನು ಕುಗ್ಗಿಸಿ ಯುಎಸ್‌ಬಿ ಮೂಲಕ ಕಳಿಸುತ್ತದೆ, ಅಡಾಪ್ಟರಿನೊಳಗಿನ ಚಿಪ್ ಅದನ್ನು ಬಿಡಿಸಿ ಮಾನಿಟರಿಗೆ ಕೊಡುತ್ತದೆ. ಈ ಹೊರೆ ಬೀಳುವುದು ಪ್ರೊಸೆಸರಿನ ಮೇಲೆ. ನಮ್ಮ ಊರಿನ ಏಪ್ರಿಲ್ ಬಿಸಿಲಲ್ಲಿ ಫ್ಯಾನ್ ಮೊದಲೇ ಬೊಬ್ಬೆಯಿಡುತ್ತದೆ. ಆದ್ದರಿಂದ ಹೆಚ್ಚು ಅಲುಗಾಡದ ಟ್ಯಾಲಿಯನ್ನು ಈ ಮಾನಿಟರಿಗೂ, ಸದಾ ಮೇಲೆ ಕೆಳಗೆ ಸರಿಸಬೇಕಾದ ಪೋರ್ಟಲ್ಲನ್ನು ನೇರ ಎಚ್‌ಡಿಎಂಐ ಮಾನಿಟರಿಗೂ ಬಿಟ್ಟೆ. ಬಿಲ್ಲಿನ ಫೋಟೊ ಲ್ಯಾಪ್‌ಟಾಪಿನಲ್ಲೇ ಇರುತ್ತದೆ. ಒಂದೇ ಹೊರ ಮಾನಿಟರಿಗೆ ಅವಕಾಶವಿರುವ ಎಂ1 ಚಿಪ್ಪಿನ ಆಪಲ್ ಲ್ಯಾಪ್‌ಟಾಪ್ ಮ್ಯಾಕ್‌ಬುಕ್ ಏರ್ ಬಳಸುವ ನನ್ನ ತಮ್ಮನ ಮಗನಿಗೂ ಇದೇ ಅಡಾಪ್ಟರ್ ದಾರಿಯಾಯಿತು.

ಉಳಿದದ್ದು ಸಲೀಸು. ವಿಂಡೋಸ್ ಕೀಲಿಯೊಂದಿಗೆ ಪಿ ಒತ್ತಿ, ಪ್ರತಿ ಪರದೆಯಲ್ಲೂ ಬೇರೆ ಬೇರೆ ಚಿತ್ರ ತೋರಿಸುವ ಎಕ್ಸ್‌ಟೆಂಡ್ ಆರಿಸಿದೆ; ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಪರದೆಗಳ ಚೌಕಗಳನ್ನು ಮೇಜಿನ ಮೇಲಿರುವ ಕ್ರಮದಲ್ಲೇ ಎಳೆದಿಟ್ಟೆ. ಇಲ್ಲದಿದ್ದರೆ ಎಡಕ್ಕೆ ಹೋಗಬೇಕಾದ ಮೌಸ್ ಬಾಣ ಗೋಡೆಗೆ ಹಾಯ್ದಂತೆ ಅಂಚಿನಲ್ಲೇ ನಿಲ್ಲುತ್ತದೆ.

ಶಕ್ತಿನಗರದ ಶಾಖೋತ್ಪನ್ನ ಸ್ಥಾವರ ನಮ್ಮ ಜಿಲ್ಲೆಯಲ್ಲೇ ಇದ್ದರೂ ನಮ್ಮ ಓಣಿಯಲ್ಲಿ ಕರೆಂಟ್ ಹೋಗುವುದು ತಪ್ಪಿಲ್ಲ. ಒಂದು ಮಾನಿಟರನ್ನಷ್ಟೇ ಯುಪಿಎಸ್‌ಗೆ ಹಾಕಿದ್ದಾಗ, ಇನ್ನೊಂದು ಆರಿದೊಡನೆ ಅದರಲ್ಲಿದ್ದ ವಿಂಡೋಗಳೆಲ್ಲ ಲ್ಯಾಪ್‌ಟಾಪಿಗೆ ಬಂದು ಒಂದರ ಮೇಲೊಂದು ಬೀಳುತ್ತಿದ್ದವು. ಇಂಥ ಎಲ್‌ಇಡಿ ಮಾನಿಟರಿಗೆ ಸಾಮಾನ್ಯವಾಗಿ 20ರಿಂದ 30 ವ್ಯಾಟ್ ಸಾಕಾಗುವುದರಿಂದ ಈಗ ಎರಡನ್ನೂ ಯುಪಿಎಸ್‌ಗೇ ಹಾಕಿದ್ದೇನೆ.